ಬೀದರದ ಇಬ್ಬರು ಪರದೇಶಿಗಳು

(ಬೀದರ ಜಿಲ್ಲೆಯ ಎಕಂಬಾದಲ್ಲಿ ಗ್ರಾಮಸ್ಥರ ಮುಂದೆ ಮಾಡಿದ ಭಾಷಣದ ಬರಹರೂಪ)



ಈ ಊರಿಗೆ ಬರುವಾಗ ಬಸ್ಸಿನಲ್ಲಿ ನನ್ನ ಪಕ್ಕ ವಯಸ್ಸಾದ ತಾಯಿಯೊಬ್ಬರು ಕುಳಿತಿದ್ದರು. ಮಾತಿಗೆ ಮಾತು ಬೆಳೆದು, ಅವರ ಕಿರಿಯ ಮಗ ಸೌದಿಯಲ್ಲಿ ಲಾರಿ ಓಡಿಸುತ್ತಾನೆಂದು ತಿಳಿಯಿತು. "ಪಗಾರ ಬರೋಬ್ಬರಿ ಬರ್ತದೇನವ್ವಾ?" ಎಂದು ಕೇಳಿದೆ. "ಪಗಾರಕ್ಕೇನ್ ಕಮ್ಮಿ ಇಲ್ರಿ. ಮನಿ ಕಟ್ಸ್ಯಾನ, ತಂಗೀ ಲಗ್ನ ಮಾಡ್ಯಾನ. ಖರೇ, ಅಲ್ಲಿ ಅವಂಗ ಯಾರ ಅದಾರ್ರಿ? ಪರದೇಶಿ ಆಗ್ಯಾನ ನೋಡ್ರಿ ನನ್ನ ಮಗ" ಎಂದರು.

ನಾನು ಬೇರೆ ವಿಷಯ ಸಿದ್ಧಮಾಡಿಕೊಂಡು ಬಂದಿದ್ದೆ. ಆ ತಾಯಿಯ ಮಾತು ಕೇಳಿದ ಮೇಲೆ ಅದನ್ನು ಬದಿಗಿಟ್ಟು, ಈ ಪರದೇಶಿ ಎಂಬ ಶಬ್ದದ ಸುತ್ತಲೇ ನಾಲ್ಕು ಮಾತು ಆಡೋಣ ಎನ್ನಿಸಿತು.

ಈ ಮಾತನ್ನು ನಾವು ಎರಡು ಅರ್ಥದಲ್ಲಿ ಬಳಸುತ್ತೇವೆ. ಬೇರೆ ದೇಶದವನು ಎಂಬುದು ಒಂದು. ಹಿಂದೆ ಮುಂದೆ ಯಾರೂ ಇಲ್ಲದವನು, ದಿಕ್ಕಿಲ್ಲದವನು ಎಂಬುದು ಇನ್ನೊಂದು. ತಂದೆತಾಯಿ ತೀರಿಕೊಂಡ ಮಗು ಹುಟ್ಟಿದ ಊರು ಬಿಟ್ಟು ಕದಲದಿದ್ದರೂ ಅದನ್ನು ಪರದೇಶಿ ಕೂಸು ಎನ್ನುತ್ತೇವೆ. ಬೀದರದ ಕಡೆಯ ಮಾತಿನಲ್ಲಿ ಇದಕ್ಕೆ ಜೋಡಿಯಾದ ಇನ್ನೊಂದು ಶಬ್ದವಿದೆ: ಗರೀಬ. ಗರೀಬನೆಂದರೆ ಬಡವ ಎಂದು ಎಲ್ಲರಿಗೂ ಗೊತ್ತು. ಆದರೆ ಮೂಲದ ಅರಬ್ಬಿಯಲ್ಲಿ ಅದಕ್ಕೆ ಹೊರಗಿನವನು, ಅಪರಿಚಿತ ಎಂದು ಅರ್ಥ. ಬಡತನದ ಅರ್ಥ ಆಮೇಲೆ ಸೇರಿದ್ದು. ಒಂದು ಶಬ್ದ ಸಂಸ್ಕೃತದ ಕಡೆಯಿಂದ ಬಂದದ್ದು, ಇನ್ನೊಂದು ಅರಬ್ಬಿಯ ಕಡೆಯಿಂದ. ಎರಡೂ ಹೊರಟದ್ದು 'ಹೊರಗಿನವನು' ಎಂಬಲ್ಲಿಂದ. ಬಂದು ಮುಟ್ಟಿದ್ದು 'ಏನೂ ಇಲ್ಲದವನು', 'ಯಾರೂ ಇಲ್ಲದವನು' ಎಂಬಲ್ಲಿಗೆ.

ಹೀಗೇಕಾಯಿತು? ಪರಸ್ಥಳಕ್ಕೆ ಹೋದವರೆಲ್ಲ ಬಡವರಾಗಿಯೇ ಉಳಿಯುವುದಿಲ್ಲ. ಬಡತನ ನೀಗಿಸಿಕೊಳ್ಳಲೆಂದೇ ಅವರು ಹೋಗುವುದು. ಹಾಗಾದರೆ ಅಲ್ಲಿ ಅವರಿಗೆ ಇಲ್ಲವಾಗುವುದು ಏನು? ಈ ಪ್ರಶ್ನೆಗೆ ಉತ್ತರ ಹುಡುಕಲು ನಾವು ಸೌದಿಗಾಗಲಿ ಅಮೆರಿಕೆಗಾಗಲಿ ಹೋಗಬೇಕಾದ ಅಗತ್ಯವಿಲ್ಲ. ಬೀದರದ ಕೋಟೆಯ ತನಕ ಹೋದರೆ ಸಾಕು. ಒಂದು ಕಾಲಕ್ಕೆ ಅದು ಪರದೇಶಿಗಳ ಪಟ್ಟಣವೇ ಆಗಿತ್ತು. ಅಲ್ಲಿ ಒಂದೇ ಸಮಯದಲ್ಲಿ ಬದುಕಿದ್ದ ಇಬ್ಬರು ಹೊರಗಿನವರ ಕಥೆಯನ್ನು ಇಂದು ಹೇಳುತ್ತೇನೆ. ಒಬ್ಬ ಕುದುರೆ ಮಾರಲು ಬಂದ ರಷ್ಯಾದ ವ್ಯಾಪಾರಿ. ಇನ್ನೊಬ್ಬ ಆ ರಾಜ್ಯದ ವಜೀರ.

ಪರದೇಶಿಗಳ ಪಟ್ಟಣ

ಬಹಮನಿ ರಾಜ್ಯ 1347ರಲ್ಲಿ ಸ್ಥಾಪನೆಯಾಯಿತು. ಮೊದಲು ಕಲಬುರಗಿ ರಾಜಧಾನಿ. 1422ರಿಂದ 1436ರ ತನಕ ಆಳಿದ ಅಹಮದ್ ಷಾ ವಲಿ ರಾಜಧಾನಿಯನ್ನು ಬೀದರಕ್ಕೆ ತಂದ. ದಿಲ್ಲಿಯ ಸುಲ್ತಾನರೊಂದಿಗೆ ಸಂಬಂಧ ಕಡಿದುಕೊಂಡಿದ್ದ ಈ ರಾಜ್ಯಕ್ಕೆ ಉತ್ತರದ ದಾರಿಯಿಂದ ಸೈನಿಕರಾಗಲಿ, ವಿದ್ವಾಂಸರಾಗಲಿ ಬರುವುದು ಕಷ್ಟವಾಗಿತ್ತು. ಹಾಗಾಗಿ ಅವರು ಸಮುದ್ರದ ಕಡೆ ಮುಖ ಮಾಡಿದರು. ಅಹಮದ್ ಷಾನ ಅಣ್ಣ ಫಿರೋಜ್ ಷಾ ಪರದೇಶದ ಗುಣವಂತರನ್ನು ಕರೆತರಲು ಗೋವೆ ಮತ್ತು ಚೌಲ್ ಬಂದರುಗಳಿಂದ ಹಡಗು ಕಳುಹಿಸುತ್ತಿದ್ದನೆಂದು ಇತಿಹಾಸಕಾರ ಫೆರಿಷ್ತಾ ಬರೆದಿದ್ದಾನೆ. ಹೀಗೆ ಬರೆದ ಫೆರಿಷ್ತಾನೂ ಇರಾನಿನ ಅಸ್ತರಾಬಾದದಲ್ಲಿ ಹುಟ್ಟಿ ವಿಜಾಪುರದಲ್ಲಿ ನೆಲೆಸಿದ ಪರದೇಶಿಯೇ.

ಇರಾನ್, ಇರಾಕ್, ಖುರಾಸಾನ್, ಅರಬ್ಬೀ ನಾಡುಗಳಿಂದ ಸೈನಿಕರು, ಸೂಫಿಗಳು, ವೈದ್ಯರು, ಕವಿಗಳು, ಕಲ್ಲುಕುಟಿಗರು ಬಂದರು. ಕಿರ್ಮಾನಿನ ಸಂತ ಷಾ ನಿಯಾಮತುಲ್ಲಾನ ಮೊಮ್ಮಗ ಬಂದ, ಮಗನೂ ಬಂದ. ಅಷ್ಟೂರಿನ ಗುಮ್ಮಟಗಳಿಗೆ ಹೋಗುವ ದಾರಿಯಲ್ಲಿ ನೀವು ನೋಡಿರುವ ಚೌಖಂಡಿ ಆ ಮಗ ಖಲೀಲುಲ್ಲಾನ ಸಮಾಧಿ. ಬೀದರದ ಪಕ್ಕದ ನೌಬಾದದಲ್ಲಿ ನೆಲದ ಕೆಳಗೆ ಸುಮಾರು ಮೂರು ಕಿಲೋಮೀಟರ್ ಉದ್ದಕ್ಕೆ ಕೊರೆದ ಸುರಂಗ ಬಾವಿ ಇದೆ. ಅಲ್ಲಲ್ಲಿ ಗಾಳಿಬಾವಿಗಳನ್ನು ಬಿಟ್ಟು, ನೀರು ತಾನಾಗಿ ಹರಿದು ಬರುವಂತೆ ಮಾಡುವ ಈ ವಿದ್ಯೆ ಇರಾನಿನದು. ಅಲ್ಲಿ ಅದಕ್ಕೆ ಕರೇಜ್ ಎನ್ನುತ್ತಾರೆ. ಬೀದರಕ್ಕೆ ಹೆಸರು ತಂದ ಬಿದರಿ ಕಸುಬನ್ನೂ ಇರಾನಿನಿಂದ ಬಂದ ಕುಶಲಕರ್ಮಿಗಳು ತಂದರೆಂದು ಪರಂಪರೆಯಿಂದ ಹೇಳುತ್ತ ಬಂದಿದ್ದಾರೆ.

ಹೀಗೆ ಬಂದವರಿಗೆ ಆಗಿನ ಬರಹಗಳಲ್ಲಿ ಎರಡು ಹೆಸರು: ಆಫಾಕಿಗಳು, ಅಂದರೆ ದಿಗಂತದ ಆಚೆಯವರು; ಮತ್ತು ಗರೀಬರು. ಗಮನಿಸಿರಿ, ಕೈತುಂಬ ಸಂಬಳ, ಜಹಗೀರು ಪಡೆದಿದ್ದ ಸರದಾರರಿಗೂ ಗರೀಬ ಎಂದೇ ಹೆಸರು. ಇವರಿಗೆ ಎದುರಾಗಿ ನಿಂತವರು ದಖ್ಖನಿಗಳು. ತಲೆಮಾರುಗಳ ಹಿಂದೆ ಉತ್ತರದಿಂದ ಬಂದು ಇಲ್ಲಿಯವರೇ ಆಗಿಹೋಗಿದ್ದ ಮುಸಲ್ಮಾನರು, ಇಲ್ಲಿಯೇ ಮತಾಂತರಗೊಂಡವರು, ಅವರೊಂದಿಗೆ ಆಫ್ರಿಕದ ಹಬಷಿಗಳು. ಮೊದಲು ಬಂದವರಿಗೆ ಆಮೇಲೆ ಬಂದವರ ಮೇಲೆ ಸಿಟ್ಟು. ದರ್ಬಾರಿನ ಈ ಪಂಗಡ ಜಗಳ 15ನೇ ಶತಮಾನದ ನಡುವಿನಲ್ಲಿ ಪುಣೆಯ ಹತ್ತಿರದ ಚಾಕಣದಲ್ಲಿ ಆಫಾಕಿಗಳ ಕಗ್ಗೊಲೆಯ ತನಕ ಹೋಯಿತು. ಪಟ್ಟಣಕ್ಕೆ ಹೊರಗಿನವರ ವಿದ್ಯೆ ಬೇಕಿತ್ತು. ಆದರೆ ಅವರನ್ನು ತನ್ನವರೆಂದು ಒಪ್ಪಿಕೊಳ್ಳಲು ಅದು ತಯಾರಿರಲಿಲ್ಲ. ಈ ಕಥೆ ಬೀದರಕ್ಕೆ ಮಾತ್ರ ಸಂಬಂಧಿಸಿದ್ದೆಂದು ನೀವು ಭಾವಿಸಬೇಡಿ.

ಸಾಲಗಾರ ವ್ಯಾಪಾರಿ

ಈಗ ಮೊದಲನೆಯವನ ಕಥೆ. ಅವನ ಹೆಸರು ಅಫನಾಸಿ ನಿಕಿತಿನ್. ರಷ್ಯಾದಲ್ಲಿ ವೋಲ್ಗಾ ನದಿಯ ದಂಡೆಯ ತ್ವೇರ್ ಎಂಬ ಊರಿನವನು. ಹೊರಟದ್ದು ಭಾರತಕ್ಕಲ್ಲ. ಕಾಸ್ಪಿಯನ್ ಸಮುದ್ರದ ಕಡೆಗೆ ಹೋಗಿ ಸರಕು ಮಾರಿಕೊಂಡು ಬರುವ ಲೆಕ್ಕಾಚಾರದಲ್ಲಿ ಹೊರಟ. ದಾರಿಯಲ್ಲಿ ಅಸ್ತ್ರಖಾನಿನ ಹತ್ತಿರ ತಾತಾರರು ಅವರ ದೋಣಿಗಳನ್ನು ಲೂಟಿ ಮಾಡಿದರು. ಆಗ ಏನಾಯಿತೆಂದು ಅವನೇ ಬರೆದಿದ್ದಾನೆ: ಊರಲ್ಲಿ ಏನಾದರೂ ಆಸ್ತಿ ಇದ್ದವರು ಊರಿಗೆ ಮರಳಿದರು, ಸಾಲ ಇದ್ದವರು ಕಣ್ಣು ಕಂಡ ಕಡೆ ಹೋದರು.

ಈ ಒಂದು ಮಾತನ್ನು ಔರಾದ, ಭಾಲ್ಕಿ ಕಡೆಯವರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಮಳೆ ಕೈಕೊಟ್ಟ ವರ್ಷ ಹೈದರಾಬಾದಿಗೋ ಪುಣೆಗೋ ಮುಂಬೈಗೋ ಹೊರಡುವ ಕುಟುಂಬದ ಲೆಕ್ಕವೂ ಇದೇ. ಬರಿಗೈಲಿ ಊರಿಗೆ ಮರಳಿದರೆ ಬಾಗಿಲಲ್ಲಿ ಸಾಲಗಾರ ಕುಳಿತಿರುತ್ತಾನೆ. ಐನೂರು ವರ್ಷಗಳ ಹಿಂದಿನ ರಷ್ಯಾದವನಿಗೂ ನಮಗೂ ಇಲ್ಲಿ ಏನೇನೂ ವ್ಯತ್ಯಾಸವಿಲ್ಲ.

ನಿಕಿತಿನ್ ಬಾಕು, ಇರಾನ್ ದಾಟಿ ಹೋರ್ಮುಜ್ ಬಂದರಿಗೆ ಬಂದ. ಅಲ್ಲಿ ಒಂದು ಗಂಡು ಕುದುರೆ ಕೊಂಡ. ಭಾರತದಲ್ಲಿ ಒಳ್ಳೆಯ ಕುದುರೆ ಹುಟ್ಟುವುದಿಲ್ಲ, ಅಲ್ಲಿ ಚಿನ್ನದ ಬೆಲೆ ಸಿಗುತ್ತದೆ, ಅಲ್ಲಿಂದ ನಿಮ್ಮ ದೇಶಕ್ಕೆ ಬೇಕಾದಷ್ಟು ಸರಕು ತರಬಹುದು ಎಂದು ಯಾರೋ ಹೇಳಿದ್ದರು. ಕುದುರೆಯನ್ನು ಇಲ್ಲಿಗೆ ತರುವಷ್ಟರಲ್ಲಿ ನೂರು ರೂಬಲ್ ಖರ್ಚಾಯಿತು. ಚೌಲ್ ಬಂದರಿನಲ್ಲಿ ಇಳಿದ. ಇದು 1469ರಲ್ಲಿ ಎಂದು ಹಳೆಯ ವಿದ್ವಾಂಸರು, 1471ರಲ್ಲಿ ಎಂದು ಈಚಿನ ಕೆಲವರು ಲೆಕ್ಕ ಹಾಕುತ್ತಾರೆ. ಇಳಿದ ಕೂಡಲೇ ಅವನ ಬಿಳಿ ಮೈಬಣ್ಣ ನೋಡಲು ಜನ ಹಿಂದೆ ಮುಂದೆ ಮುತ್ತಿಕೊಂಡರು. ಇಲ್ಲಿಯವರ ಬರಿಮೈ, ಒಂದೇ ಜಡೆ ಅವನಿಗೆ ಬೆರಗು. ಅವನ ಬಣ್ಣ ಇಲ್ಲಿಯವರಿಗೆ ಬೆರಗು.

ಜುನ್ನರದಲ್ಲಿ ಮಳೆಗಾಲ ಹಿಡಿಯಿತು. ನಾಲ್ಕು ತಿಂಗಳು ಹಗಲು ರಾತ್ರಿ ನೀರು, ಕೆಸರು. ಅಲ್ಲಿಯ ಅಧಿಕಾರಿ ಅಸದ್ ಖಾನ್, ಇವನು ಮುಸಲ್ಮಾನನಲ್ಲ ಎಂದು ತಿಳಿದ ಕೂಡಲೇ ಕುದುರೆಯನ್ನು ಹಿಡಿದಿಟ್ಟುಕೊಂಡ. ಮತ ಬದಲಿಸಿದರೆ ಕುದುರೆಯ ಜೊತೆಗೆ ಸಾವಿರ ಚಿನ್ನದ ನಾಣ್ಯ ಕೊಡುತ್ತೇನೆ. ಇಲ್ಲದಿದ್ದರೆ ಕುದುರೆಯೂ ಹೋಗುತ್ತದೆ, ಮೇಲೆ ಸಾವಿರ ನಾಣ್ಯ ದಂಡವನ್ನೂ ತೆರಬೇಕು ಎಂದ. ನಾಲ್ಕು ದಿನಗಳ ಗಡುವು. ಮಾತು ಬಾರದ ಊರಿನಲ್ಲಿ ಈ ಒಂಟಿ ಮನುಷ್ಯ ಯಾರ ಹತ್ತಿರ ಹೋಗಬೇಕು? ಅಷ್ಟರಲ್ಲಿ ಖುರಾಸಾನಿನ ಖ್ವಾಜಾ ಮಹಮ್ಮದ್ ಎಂಬವನು ಅಲ್ಲಿಗೆ ಬಂದ. ನಿಕಿತಿನ್ ಅವನ ಕಾಲು ಹಿಡಿದ. ಆ ಖ್ವಾಜಾ ಖಾನನ ಬಳಿಗೆ ಹೋಗಿ ಮಾತಾಡಿ ಕುದುರೆಯನ್ನೂ ಬಿಡಿಸಿ ತಂದ, ಮತಾಂತರದ ಒತ್ತಾಯವನ್ನೂ ನಿಲ್ಲಿಸಿದ. ಒಬ್ಬ ಪರದೇಶಿಗೆ ಇನ್ನೊಬ್ಬ ಪರದೇಶಿ ಜಾಮೀನು ನಿಂತ. ಇಬ್ಬರ ಮತ ಬೇರೆ, ದೇಶ ಬೇರೆ, ಭಾಷೆ ಬೇರೆ.

ಬೀದರದ ದಿನಚರಿ

ಅಲ್ಲಿಂದ ನಿಕಿತಿನ್ ತಿಂಗಳೊಂದು ನಡೆದು ಬೀದರಕ್ಕೆ ಬಂದ. ಅವನು ಬರೆದಿಟ್ಟುಕೊಂಡದ್ದರಲ್ಲಿ ಯುದ್ಧ, ಮೆರವಣಿಗೆಗಳ ವರ್ಣನೆ ಇದೆ. ನನಗೆ ಹಿಡಿಸಿದ್ದು ಅವನ ದಿನದಿನದ ಬದುಕಿನ ಸಣ್ಣ ವಿವರಗಳು.

ಸುಲ್ತಾನನಿಗೆ ಆಗ ಇಪ್ಪತ್ತು ವರ್ಷ. ರಾಜ್ಯ ನಡೆಸುವವರೆಲ್ಲ ಖುರಾಸಾನಿನ ಸರದಾರರು ಎಂದು ಅವನು ಬರೆಯುತ್ತಾನೆ. ಸರದಾರರು ಬೆಳ್ಳಿಯ ಪಲ್ಲಕ್ಕಿಯಲ್ಲಿ ಹೋಗುತ್ತಾರೆ, ಮುಂದೆ ಚಿನ್ನದ ಸಾಜು ತೊಟ್ಟ ಕುದುರೆಗಳು ನಡೆಯುತ್ತವೆ. ಹಳ್ಳಿಯ ಜನ ಮಾತ್ರ ತೀರ ಬಡವರು. ಅವನು ಕಂಡ ಆ ಹಳ್ಳಿಯ ಜನರಲ್ಲಿ ನಮ್ಮ ನಿಮ್ಮ ಹಿರಿಯರೂ ಇದ್ದಿರಬಹುದು. ರಾತ್ರಿ ಪಟ್ಟಣವನ್ನು ಕೊತ್ವಾಲನ ಸಾವಿರ ಮಂದಿ ಪಂಜು ಹಿಡಿದು ಕಾಯುತ್ತಿದ್ದರು. ಬೀದಿಗಳಲ್ಲಿ ಎರಡು ಮಾರುದ್ದದ ಹಾವುಗಳು ಓಡಾಡುತ್ತಿದ್ದವಂತೆ. ಅರಮನೆಗೆ ಏಳು ಬಾಗಿಲು. ಒಂದೊಂದು ಬಾಗಿಲಲ್ಲೂ ನೂರು ಕಾವಲುಗಾರರು, ನೂರು ಗುಮಾಸ್ತರು. ಒಳಗೆ ಹೋದವರನ್ನು ಕೆಲವರು ಬರೆದುಕೊಂಡರೆ ಹೊರಗೆ ಬಂದವರನ್ನು ಇನ್ನು ಕೆಲವರು ಬರೆದುಕೊಳ್ಳುತ್ತಿದ್ದರು. ಗರೀಬರಿಗೆ ಒಳಗೆ ಪ್ರವೇಶವಿಲ್ಲ. ಇಲ್ಲಿ ನಿಕಿತಿನ್ ತನ್ನ ರಷ್ಯನ್ ಬರಹದ ನಡುವೆ ಬಳಸಿರುವ ಶಬ್ದವೇ 'ಗರೀಪ'. ಹೊರಗಿನವರು ಎಂಬ ಅರ್ಥದಲ್ಲಿ ಆ ಮಾತು ಬೀದರದ ಬೀದಿಯಲ್ಲಿ ಅವನ ಕಿವಿಗೆ ಬಿದ್ದು ಕಾಗದಕ್ಕೆ ಇಳಿಯಿತು. ಪಾಸ್‌ಪೋರ್ಟಿಗೆ ಮುದ್ರೆ ಒತ್ತಿಸಿಕೊಳ್ಳಲು ವಿಮಾನ ನಿಲ್ದಾಣದಲ್ಲಿ ಸಾಲು ನಿಂತ ಯಾರಿಗಾದರೂ ಈ ಏಳು ಬಾಗಿಲಿನ ವರ್ಣನೆ ತಟ್ಟನೆ ಅರ್ಥವಾಗುತ್ತದೆ.

ಕುದುರೆ ಮಾತ್ರ ಬೇಗ ಮಾರಾಟವಾಗಲಿಲ್ಲ. ಅದಕ್ಕೆ ಕಡಲೆ ಬೇಯಿಸಿ ಹಾಕಿ ತಿಂಗಳುಗಟ್ಟಲೆ ಸಾಕಬೇಕಾಯಿತು. ಸುತ್ತಿನ ನಾಡಿಗೆಲ್ಲ ದೊಡ್ಡ ಜಾತ್ರೆ ಎಂದು ಅವನು ಬಣ್ಣಿಸುವುದು ಆಳಂದದ ಸಂತೆಯನ್ನು. ಇಪ್ಪತ್ತು ಸಾವಿರ ಕುದುರೆಗಳು ಅಲ್ಲಿ ಮಾರಾಟಕ್ಕೆ ಬರುತ್ತವೆ ಎನ್ನುತ್ತಾನೆ. ಕೊನೆಗೆ ಕ್ರಿಸ್‌ಮಸ್ಸಿನ ಹೊತ್ತಿಗೆ ಬೀದರದಲ್ಲಿಯೇ ಅದನ್ನು ಮಾರಿದ. ಮರಳಿ ಒಯ್ಯುವ ಸರಕು ನೋಡಿದರೆ ತನ್ನ ದೇಶಕ್ಕೆ ಬೇಕಾದದ್ದು ಏನೂ ಇಲ್ಲ. ಮೆಣಸು, ಬಣ್ಣ ಅಗ್ಗ. ಆದರೆ ಸುಂಕ ಹೆಚ್ಚು, ಸಮುದ್ರದ ಮೇಲೆ ಕಳ್ಳರು ಹೆಚ್ಚು. ಹೇಳಿದವರು ಸುಳ್ಳು ಹೇಳಿದರು ಎಂದು ಸಿಟ್ಟಿನಿಂದ ಬರೆದಿದ್ದಾನೆ. ಏಜೆಂಟನ ಮಾತು ನಂಬಿ ಹೋಗಿ, ಅಲ್ಲಿ ಬೇರೆಯೇ ಕೆಲಸ, ಬೇರೆಯೇ ಪಗಾರ ಕಂಡವರು ಈ ಸಾಲುಗಳನ್ನು ತಾವೇ ಬರೆದೆವು ಎನ್ನಬಹುದು.

ಊಟದ ವಿಷಯ ಕೇಳಿ. ಇಲ್ಲಿಯವರು ಅನ್ನ, ತುಪ್ಪ ಹಾಕಿದ ಖಿಚಡಿ, ಸೊಪ್ಪು, ಹಾಲು ಉಣ್ಣುತ್ತಾರೆ, ಬಲಗೈಯಿಂದಲೇ ಉಣ್ಣುತ್ತಾರೆ, ಎಡಗೈ ತಾಗಿಸುವುದಿಲ್ಲ, ಚಮಚ ಗೊತ್ತಿಲ್ಲ, ದಾರಿಯಲ್ಲಿ ಪ್ರತಿಯೊಬ್ಬನ ಬಳಿಯೂ ತನ್ನದೇ ಗಡಿಗೆ, ತನ್ನದೇ ಅಡಿಗೆ, ಸೋಮವಾರ ಒಪ್ಪೊತ್ತು ಎಂದು ಒಂದೊಂದನ್ನೇ ಪಟ್ಟಿ ಮಾಡಿದ್ದಾನೆ. ಒಂದು ಮತದವರು ಇನ್ನೊಂದು ಮತದವರ ಜೊತೆ ಉಣ್ಣುವುದಿಲ್ಲ, ಕೆಲವರಲ್ಲಿ ಗಂಡ ಹೆಂಡತಿ ಸಹ ಜೊತೆಗೆ ಉಣ್ಣುವುದಿಲ್ಲ ಎಂಬುದನ್ನು ಆಶ್ಚರ್ಯದಿಂದ ಬರೆದಿದ್ದಾನೆ. ಒಂಟಿಯಾಗಿ ಉಂಡು ಬೇಸತ್ತವನ ಕಣ್ಣಿಗೆ ಬೀಳುವ ವಿವರ ಇದು.

ಈ ನಾಡಿನಲ್ಲಿ ಓಡಾಡಲು ಅವನು ಖೋಜಾ ಯೂಸುಫ್ ಖುರಾಸಾನಿ ಎಂದು ಹೆಸರು ಇಟ್ಟುಕೊಂಡಿದ್ದ. ಹೊರಗಿನವನು ಅನುಕೂಲಕ್ಕೆ ಹೆಸರು ಬದಲಿಸಿಕೊಳ್ಳುವುದೂ ಹೊಸದಲ್ಲ. ಆದರೆ ಬೀದರದಲ್ಲಿ ಬಹಳ ಮಂದಿ ಹಿಂದೂಗಳ ಪರಿಚಯವಾದ ಮೇಲೆ, ನಾನು ಮುಸಲ್ಮಾನನಲ್ಲ, ಕ್ರೈಸ್ತ, ನನ್ನ ಹೆಸರು ಅಫನಾಸಿ ಎಂದು ನಿಜ ಹೇಳಿಬಿಟ್ಟ. ಅಲ್ಲಿಂದ ಅವನ ಬದುಕು ಬದಲಾಯಿತು. ಅವರು ಊಟ, ವ್ಯಾಪಾರ, ಪೂಜೆ ಯಾವುದನ್ನೂ ಅವನಿಂದ ಮುಚ್ಚಿಡಲಿಲ್ಲ, ಮನೆಯ ಹೆಂಗಸರನ್ನೂ ಮರೆಮಾಡಲಿಲ್ಲ. ಅವರ ಜೊತೆಗೂಡಿ ಅವನು 'ಪರ್ವತ'ಕ್ಕೆ, ಅಂದರೆ ಶ್ರೀಶೈಲಕ್ಕೆ ಯಾತ್ರೆ ಹೋದ. ಮುಸಲ್ಮಾನರಿಗೆ ಮಕ್ಕಾ, ನಮಗೆ ಜೆರೂಸಲೇಮ್, ಇವರಿಗೆ ಪರ್ವತ ಎಂದು ಬರೆದ. ಇಂದಿಗೂ ಮಲ್ಲಯ್ಯನ ಜಾತ್ರೆಗೆ ನಡೆದು ಹೋಗುವ ನಮ್ಮ ಕಡೆಯ ಜನರ ದಾರಿಯಲ್ಲಿ ಐನೂರು ವರ್ಷಗಳ ಹಿಂದೆ ಒಬ್ಬ ರಷ್ಯಾದವನೂ ನಡೆದಿದ್ದ.

ಹಬ್ಬ ತಪ್ಪಿದವನು

ಇಷ್ಟಾದರೂ ಒಂದು ಕೊರಗು ಅವನನ್ನು ಬಿಡಲಿಲ್ಲ. ದಾರಿಯ ಲೂಟಿಯಲ್ಲಿ ಅವನ ಪುಸ್ತಕಗಳು ಹೋಗಿದ್ದವು. ಪುಸ್ತಕ ಇಲ್ಲದೆ ಈಸ್ಟರ್ ಯಾವಾಗ, ಉಪವಾಸ ಯಾವಾಗ, ಬುಧವಾರ ಶುಕ್ರವಾರ ಯಾವುದು ಒಂದೂ ತಿಳಿಯದಾಯಿತು. ಸುತ್ತಲಿನವರ ಹಬ್ಬ ನೋಡಿ ತನ್ನ ಹಬ್ಬ ಅಂದಾಜು ಮಾಡುತ್ತಿದ್ದ. ಮುಸಲ್ಮಾನರು ರೋಜಾ ಹಿಡಿದಾಗ ತಾನೂ ಉಪವಾಸ ಮಾಡಿದ. ಈಸ್ಟರ್ ರಾತ್ರಿ ಇದೇ ಇರಬೇಕೆಂದು ಬೀದರದ ಆಕಾಶದಲ್ಲಿ ಕೃತ್ತಿಕೆ ನಕ್ಷತ್ರ ಎಲ್ಲಿದೆ ಎಂದು ನೋಡಿದ. ಮಳೆ ನಕ್ಷತ್ರಗಳ ಲೆಕ್ಕ ಇಟ್ಟುಕೊಂಡು ಬಿತ್ತುವ ರೈತರು ನೀವು. ಆ ನೋಟ ನಿಮಗೆ ಅರ್ಥವಾಗುತ್ತದೆ. ಭಾರತಕ್ಕೆ ಹೋಗಬಯಸುವ ರಷ್ಯಾದ ಸೋದರರು ತಮ್ಮ ಧರ್ಮವನ್ನು ಮನೆಯಲ್ಲಿಯೇ ಬಿಟ್ಟು ಹೊರಡಲಿ ಎಂದು ಒಂದೆಡೆ ಕಹಿಯಾಗಿ ಬರೆದಿದ್ದಾನೆ. ಯುಗಾದಿಯ ದಿನ ಕಾರ್ಖಾನೆಯ ಪಾಳಿಗೆ ಹೋಗಿ, ರಾತ್ರಿ ಫೋನಿನಲ್ಲಿ ಮನೆಯವರ ಬೇವುಬೆಲ್ಲದ ಸುದ್ದಿ ಕೇಳುವ ಹುಡುಗನ ಸ್ಥಿತಿ ಇದಕ್ಕಿಂತ ಬಹಳ ಬೇರೆಯಲ್ಲ.

ಅವನು ದೇಶದೇಶಗಳನ್ನು ಹೋಲಿಸಿಯೂ ಬರೆದಿದ್ದಾನೆ. ಹೋರ್ಮುಜದಲ್ಲಿ ಸುಡುವ ಬಿಸಿಲು. ಗೀಲಾನಿನಲ್ಲಿ ಬೆವರಿಳಿಸುವ ಧಗೆ. ಹಿಂದುಸ್ತಾನದಲ್ಲಿ ಅಷ್ಟು ಸೆಕೆಯಿಲ್ಲ. ಬೀದರದ ಎತ್ತರದ ನೆಲದಲ್ಲಿ ನಿಂತು ಹೇಳಿದ ಮಾತಿದು, ನಾವು ಒಪ್ಪಬಹುದು. ಜಾರ್ಜಿಯಾದಲ್ಲಿ ಎಲ್ಲವೂ ಸಮೃದ್ಧಿ, ತುರ್ಕರ ನಾಡಿನಲ್ಲಿ ಸಮೃದ್ಧಿ, ವಲಾಕಿಯಾದಲ್ಲಿ ತಿನ್ನುವುದು ಅಗ್ಗ ಎಂದು ಪಟ್ಟಿ ಬೆಳೆಯುತ್ತದೆ. ಪಟ್ಟಿಯ ಕೊನೆಗೆ ತನ್ನ ದೇಶ. ಅಲ್ಲಿ ಅವನು ರಷ್ಯನ್ ಬಿಟ್ಟು, ದಾರಿಯಲ್ಲಿ ಕಲಿತ ತುರ್ಕಿ, ಪಾರಸಿ, ಅರಬ್ಬಿ ಬೆರೆತ ಮಾತಿಗೆ ಹೊರಳುತ್ತಾನೆ. ದೇವರು ರಷ್ಯಾವನ್ನು ಕಾಪಾಡಲಿ, ಅಂಥ ನಾಡು ಲೋಕದಲ್ಲಿ ಇನ್ನೊಂದಿಲ್ಲ, ಆದರೆ ಅಲ್ಲಿಯ ಸರದಾರರು ನ್ಯಾಯವಂತರಲ್ಲ, ಅಲ್ಲಿ ನ್ಯಾಯ ನೆಲೆಸಲಿ ಎಂಬುದು ಅದರ ತಾತ್ಪರ್ಯ. ತನ್ನ ಊರಿನ ದೊಡ್ಡವರಿಗೆ ತಿಳಿಯಬಾರದೆಂದೇ ಬೇರೆ ಭಾಷೆಯಲ್ಲಿ ಬರೆದನೆಂದು ಕೆಲವು ವಿದ್ವಾಂಸರು ಊಹಿಸುತ್ತಾರೆ.

ಪರಸ್ಥಳದಲ್ಲಿ ಇದ್ದವನು ಎರಡು ದೇಶ ಹೋಲಿಸುವಾಗ ಹೇಗೆ ಹೋಲಿಸುತ್ತಾನೆಂಬುದು ಇಲ್ಲಿದೆ. ಬಿಸಿಲು, ಕಾಳು, ಬೆಲೆಗಳನ್ನು ಅಳೆದು ನೋಡುತ್ತಾನೆ. ಆ ಲೆಕ್ಕದಲ್ಲಿ ತನ್ನ ಊರು ಸೋತರೂ ಅವನಿಗೆ ಬೇಸರವಿಲ್ಲ. ನ್ಯಾಯದ ಮಾತು ಬಂದಾಗ ಮಾತ್ರ ಅವನಿಗೆ ಊರಿನ ಮೇಲೆ ಪ್ರೀತಿಯೂ ಉಕ್ಕುತ್ತದೆ, ಸಿಟ್ಟೂ ಉಕ್ಕುತ್ತದೆ. ಊರಿನಲ್ಲಿ ನ್ಯಾಯವಿದ್ದಿದ್ದರೆ ಅವನು ಊರು ಬಿಡುತ್ತಿದ್ದನೇ?

ನಿಕಿತಿನ್ ದಾಭೋಳ ಬಂದರಿನಿಂದ ಮರಳಿ ಹೊರಟ. ಊರು ಮುಟ್ಟಲಿಲ್ಲ. ಸ್ಮೊಲೆನ್ಸ್ಕಿನ ಹತ್ತಿರ ದಾರಿಯಲ್ಲಿಯೇ ತೀರಿಕೊಂಡ. ಅವನ ಬರಹವನ್ನು ಯಾರೋ ವ್ಯಾಪಾರಿಗಳು ಮಾಸ್ಕೋಗೆ ಮುಟ್ಟಿಸಿದರು. 1957ರಲ್ಲಿ ಭಾರತ ಮತ್ತು ಸೋವಿಯತ್ ಒಕ್ಕೂಟ ಸೇರಿ ಅವನ ಕಥೆಯನ್ನು ಸಿನಿಮಾ ಮಾಡಿದವು. ಹಿಂದಿಯಲ್ಲಿ ಅದಕ್ಕೆ ಇಟ್ಟ ಹೆಸರು 'ಪರದೇಸಿ'.

ವಜೀರನಾದ ಗರೀಬ

ಎರಡನೆಯವನನ್ನು ನೀವೆಲ್ಲ ಬಲ್ಲಿರಿ: ಮಹಮೂದ್ ಗಾವಾನ್. ಕಾಸ್ಪಿಯನ್ ಸಮುದ್ರದ ದಂಡೆಯ ಗೀಲಾನ್ ನಾಡಿನವನು. ಒಳ್ಳೆಯ ಮನೆತನ. ಅಲ್ಲಿಯ ರಾಜಕೀಯದ ದೆಸೆಯಿಂದ ಊರು ಬಿಟ್ಟು ವ್ಯಾಪಾರಕ್ಕೆ ಇಳಿದ. 1453ರಲ್ಲಿ, ನಲವತ್ತು ದಾಟಿದ ವಯಸ್ಸಿನಲ್ಲಿ, ದಾಭೋಳದಲ್ಲಿ ಇಳಿದು ಬೀದರಕ್ಕೆ ಬಂದ. ವ್ಯಾಪಾರಿಗಳ ಒಡೆಯ ಎಂಬ ಅರ್ಥದ ಮಲಿಕ್-ಉತ್-ತುಜ್ಜಾರ್ ಬಿರುದು ಪಡೆದ. ಮೂರನೆಯ ಮಹಮ್ಮದ್ ಷಾನ ಕಾಲಕ್ಕೆ ರಾಜ್ಯದ ಮುಖ್ಯ ವಜೀರನಾದ. ನಿಕಿತಿನ್ ತನ್ನ ಬರಹದಲ್ಲಿ ಮತ್ತೆ ಮತ್ತೆ ಹೆಸರಿಸುವ ಖುರಾಸಾನಿ ಮಹಾಸರದಾರ ಇವನೇ.

ಅವನು 1472ರ ಸುಮಾರಿಗೆ ಕಟ್ಟಿಸಿದ ಮದರಸಾ ಇಂದಿಗೂ ಬೀದರದ ಹೆಮ್ಮೆ. ಮೂರು ಅಂತಸ್ತು, ಪಾಠದ ಕೋಣೆಗಳು, ಮಸೀದಿ, ಗುರು ಶಿಷ್ಯರಿಗೆ ವಸತಿ, ಮೂರು ಸಾವಿರ ಗ್ರಂಥಗಳ ಭಂಡಾರ, ಮುಂಭಾಗದ ತುಂಬ ನೀಲಿ ಹಸಿರು ಹೆಂಚುಗಳು. ಔರಂಗಜೇಬನ ಕಾಲದಲ್ಲಿ ಸಿಡಿಮದ್ದು ಸ್ಫೋಟಗೊಂಡು ಒಂದು ಭಾಗ ಬಿದ್ದುಹೋಯಿತು. ಉಳಿದ ಮಿನಾರಿನ ಕೆಳಗೆ ನಿಂತು ನೋಡಿದರೆ, ಅದು ಖುರಾಸಾನಿನ ಕಟ್ಟಡವೊಂದನ್ನು ಎತ್ತಿ ತಂದು ಬೀದರದ ಕೆಂಪು ನೆಲದ ಮೇಲೆ ಇಟ್ಟಂತಿದೆ. ಊರು ಬಿಟ್ಟವನು ತನ್ನ ನೆನಪನ್ನು ಹೀಗೆ ಕಟ್ಟಿಸಿದ. ಇಂದು ನಮ್ಮವರು ದುಬೈಯ ದುಡ್ಡಿನಲ್ಲಿ ಹಳ್ಳಿಯಲ್ಲಿ ದುಬೈಯ ಮಾದರಿಯ ಮನೆ ಕಟ್ಟಿಸುತ್ತಾರೆ. ಗಾವಾನ್ ತನ್ನ ಊರಿನ ಮಾದರಿಯನ್ನು ದುಡಿಯುವ ಊರಿನಲ್ಲಿ ಕಟ್ಟಿಸಿದ.

ಅವನ ಪಾರಸಿ ಪತ್ರಗಳ ಸಂಗ್ರಹ ಉಳಿದು ಬಂದಿದೆ. ತುರ್ಕಿಯ ಸುಲ್ತಾನನಿಗೆ, ಇರಾನಿನ ವಿದ್ವಾಂಸರಿಗೆ, ಗೀಲಾನಿನ ಬಂಧುಗಳಿಗೆ ಬರೆದ ಪತ್ರಗಳಿವೆ. ಪಾರಸಿಯ ಮಹಾಕವಿ ಜಾಮಿಯನ್ನು ಬೀದರಕ್ಕೆ ಬಾ ಎಂದು ಕರೆದ, ಜಾಮಿ ಬರಲಿಲ್ಲ. ರಾಜ್ಯವನ್ನೇ ಆಳುತ್ತಿದ್ದವನಿಗೂ ತನ್ನ ಭಾಷೆಯಲ್ಲಿ ಸರಿಸಮನಾಗಿ ಮಾತಾಡುವ ಸಂಗಾತಿ ಬೇಕಾಗಿತ್ತು. ರಾಜ್ಯದ ಹಣವನ್ನು ತನ್ನ ಮೈಗೆ ತಾಗಿಸಿಕೊಳ್ಳದೆ, ಮಣ್ಣಿನ ಪಾತ್ರೆಯ ಅಡಿಗೆ, ಚಾಪೆಯ ಹಾಸಿಗೆಯಲ್ಲಿ ಬದುಕಿದನೆಂದು ಫೆರಿಷ್ತಾ ಹೇಳುತ್ತಾನೆ.

ಗಾವಾನ್ ದಖ್ಖನಿಗಳಿಗೂ ಆಫಾಕಿಗಳಿಗೂ ಸರಿಸಮನಾಗಿ ಅಧಿಕಾರ ಹಂಚಲು ಪ್ರಯತ್ನಪಟ್ಟ. ಪ್ರಾಂತಾಧಿಕಾರಿಗಳ ಕೈ ಕಟ್ಟಿದ. ಅವರಿಗೆ ಅದು ಸಹಿಸ­ಲಿಲ್ಲ. ಅವನ ಮುದ್ರೆ ಕಾಯುವವನಿಗೆ ಹೆಂಡ ಕುಡಿಸಿ, ಖಾಲಿ ಕಾಗದದ ಮೇಲೆ ಮುದ್ರೆ ಒತ್ತಿಸಿಕೊಂಡು, ಒಡಿಶಾದ ರಾಜನಿಗೆ ದಂಡೆತ್ತಿ ಬಾ ಎಂದು ಗಾವಾನನೇ ಬರೆದಂತೆ ಪತ್ರ ಸೃಷ್ಟಿಸಿದರು. ಸುಲ್ತಾನ ಅದನ್ನು ನಂಬಿದ. 1481ರ ಏಪ್ರಿಲ್ 5ರಂದು ಕೊಂಡಪಲ್ಲಿಯ ಪಾಳೆಯದಲ್ಲಿ, ಎಪ್ಪತ್ತು ದಾಟಿದ ಆ ಮುದುಕನ ತಲೆ ಹಾರಿಸಲಾಯಿತು. ಮರುವರ್ಷವೇ ಸುಲ್ತಾನನೂ ಸತ್ತ. ರಾಜ್ಯ ಒಡೆದು ಐದು ಹೋಳಾಯಿತು.

ಇಪ್ಪತ್ತೆಂಟು ವರ್ಷ ಈ ನಾಡಿಗಾಗಿ ದುಡಿದವನ ಬಗ್ಗೆ ಒಂದು ಸುಳ್ಳು ಕಾಗದ ಇಷ್ಟು ಸುಲಭವಾಗಿ ನಂಬಿಕೆ ಹುಟ್ಟಿಸಿದ್ದು ಏಕೆ? ಸುಲ್ತಾನ ಕುಡಿದಿದ್ದ ಎಂದು ಇತಿಹಾಸಕಾರರು ಹೇಳುತ್ತಾರೆ. ಅದೂ ಸರಿಯೇ. ಆದರೆ ಹೊರಗಿನವನ ಮೇಲೆ ಅನುಮಾನ ಹುಟ್ಟಿಸುವುದಕ್ಕೆ ಹೆಚ್ಚು ಸಾಕ್ಷಿ ಬೇಕಾಗುವುದಿಲ್ಲ ಎಂಬುದೂ ನಿಜ. ಪತ್ರ ತಂದವರನ್ನು ಕರೆಸಿ ವಿಚಾರಿಸಿ ಎಂದು ಆ ಹೊತ್ತಿಗೆ ಸುಲ್ತಾನನ ಮುಂದೆ ಹೇಳುವ ಒಬ್ಬನೂ ಇರಲಿಲ್ಲ. ಅವನ ಸೈನ್ಯವಿತ್ತು, ಮದರಸಾ ಇತ್ತು. ಜಾಮೀನು ನಿಲ್ಲುವವನು ಇರಲಿಲ್ಲ. ಜುನ್ನರದಲ್ಲಿ ಬಡ ನಿಕಿತಿನ್ನನಿಗೆ ಸಿಕ್ಕಿದ ಖ್ವಾಜಾ ಮಹಮ್ಮದ್ ಕೊಂಡಪಲ್ಲಿಯಲ್ಲಿ ವಜೀರನಿಗೆ ಸಿಗಲಿಲ್ಲ.

ಜಾಮೀನು ಯಾರು?

ಮೊದಲು ಕೇಳಿದ ಪ್ರಶ್ನೆಗೆ ಈಗ ಮರಳೋಣ. ಪರಸ್ಥಳದಲ್ಲಿ ಮನುಷ್ಯನಿಗೆ ಇಲ್ಲವಾಗುವುದು ಏನು? ಒಟ್ಟಿಗೆ ಉಣ್ಣುವ ಪಂಕ್ತಿ, ಹಬ್ಬದ ಲೆಕ್ಕ, ಇವನು ನಮ್ಮವನು ಎಂದು ಹೇಳುವ ಒಂದು ಬಾಯಿ. ಮೊದಲಿನ ಎರಡನ್ನು ಹೇಗೋ ಹೊಂದಿಸಿಕೊಳ್ಳಬಹುದು. ಮೂರನೆಯದು ಇಲ್ಲದಿದ್ದರೆ ಹಣ ಇದ್ದರೂ ಅವನು ಗರೀಬನೇ.

ಕೊಲ್ಲಿಯ ದೇಶಗಳಲ್ಲಿ ಈ ಜಾಮೀನನ್ನೇ ಕಾನೂನು ಮಾಡಿದ್ದಾರೆ. ಕಫೀಲ್ ಎಂಬ ಶಬ್ದವನ್ನು ಇಲ್ಲಿಯ ಅನೇಕರು ಕೇಳಿದ್ದೀರಿ. ಅದರ ಅರ್ಥವೇ ಜಾಮೀನುದಾರ. ಆದರೆ ಜಾಮೀನು ನಿಲ್ಲುವವನೇ ಧಣಿಯಾದಾಗ, ಧಣಿಯ ಮೇಲೆಯೇ ದೂರು ಇದ್ದರೆ ಕೆಲಸಗಾರ ಎಲ್ಲಿ ಹೋಗಬೇಕು? ಈ ಪದ್ಧತಿಗೆ ಬಹಳ ಟೀಕೆ ಬಂದ ಮೇಲೆ 2021ರ ಮಾರ್ಚಿಯಲ್ಲಿ ಸೌದಿ ಸರ್ಕಾರ, ಕೆಲವು ಷರತ್ತುಗಳ ಮೇಲೆ ಧಣಿಯ ಒಪ್ಪಿಗೆ ಇಲ್ಲದೆ ಕೆಲಸ ಬದಲಿಸಲು ಅವಕಾಶ ಕೊಟ್ಟಿತು. ಮನೆಗೆಲಸದವರು, ಮನೆಯ ಡ್ರೈವರುಗಳು ಆ ಸುಧಾರಣೆಯ ಹೊರಗೆ ಉಳಿದರು. 1990ರಲ್ಲಿ ಇರಾಕ್ ಕುವೈತನ್ನು ಹಿಡಿದಾಗ ಸುಮಾರು 1,70,000 ಭಾರತೀಯರನ್ನು ವಿಮಾನಗಳಲ್ಲಿ ಮರಳಿ ಕರೆತರಲಾಯಿತು. ಆಗ ಜಾಮೀನು ನಿಂತದ್ದು ನಮ್ಮ ಸರ್ಕಾರ. ಹಾಗೆಯೇ 2020ರಲ್ಲಿ ನಮ್ಮದೇ ದೇಶದ ಪಟ್ಟಣಗಳಿಂದ, ಯಾವ ಗಡಿಯನ್ನೂ ದಾಟದ ಕೂಲಿಕಾರರು ನೂರಾರು ಮೈಲಿ ನಡೆದು ಊರಿಗೆ ಬಂದರು. ಪಟ್ಟಣದಲ್ಲಿ ಅವರಿಗೆ ಜಾಮೀನು ಯಾರೂ ಇರಲಿಲ್ಲ. ಪರದೇಶಿಯಾಗಲು ಪಾಸ್‌ಪೋರ್ಟು ಬೇಕಿಲ್ಲ.

ಈ ಭಾಗದ ಜನರಿಗೆ ಇನ್ನೊಂದು ಅನುಭವವೂ ಉಂಟು. 1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯವನ್ನು ಹಂಚಿದಾಗ ಹಳೆಯ ಬೀದರ ಜಿಲ್ಲೆಯ ಉದಗೀರ, ನಿಲಂಗಾ, ಅಹಮದಪುರ ಮುಂಬಯಿ ರಾಜ್ಯಕ್ಕೆ ಹೋದವು. ಜಹೀರಾಬಾದು, ನಾರಾಯಣಖೇಡ ಆಂಧ್ರಕ್ಕೆ ಹೋದವು. ಔರಾದ, ಭಾಲ್ಕಿ ನಮ್ಮಲ್ಲಿ ಉಳಿದವು. ಉದಗೀರಕ್ಕೆ ಕೊಟ್ಟ ಮಗಳು ಬೆಳಗಾಗುವುದರೊಳಗೆ ಬೇರೆ ರಾಜ್ಯದವಳಾದಳು. ಆದರೂ ಅವಳು ನಮಗೆ ಪರದೇಶಿ ಆಗಲಿಲ್ಲ. ಕನ್ನಡ, ಮರಾಠಿ, ಉರ್ದು, ತೆಲುಗು, ಲಂಬಾಣಿ ಎಲ್ಲವೂ ಒಂದೇ ಸಂತೆಯಲ್ಲಿ ಕೇಳಿಬರುವ ನಾಡಿದು. ನಕಾಶೆಯ ಮೇಲಿನ ಗೆರೆ ಅವಳನ್ನು ಹೊರಗಿನವಳನ್ನಾಗಿ ಮಾಡಲಿಲ್ಲ, ಯಾಕೆಂದರೆ ಗೆರೆಯ ಎರಡೂ ಬದಿ ಅವಳನ್ನು ಕೇಳುವವರು ಇದ್ದರು.

ಕೊನೆಯ ಮಾತು. ನಮ್ಮ ಮಕ್ಕಳು ಪರಸ್ಥಳದಲ್ಲಿ ಹೇಗಿದ್ದಾರೋ ಎಂದು ನಾವು ಚಿಂತಿಸುತ್ತೇವೆ. ಅದೇ ಹೊತ್ತಿಗೆ ನಮ್ಮ ಊರ ಹೊರಗಿನ ಕಬ್ಬಿನ ಗದ್ದೆಯ ಬದಿಯಲ್ಲಿ ಗುಡಿಸಲು ಹಾಕಿಕೊಂಡ, ಮರಾಠವಾಡದ ಕಡೆಯಿಂದ ಬಂದ ಕಬ್ಬು ಕಡಿಯುವವರ ಸಂಸಾರ ಇರುತ್ತದೆ. ಇಟ್ಟಿಗೆ ಭಟ್ಟಿಯಲ್ಲಿ, ರಸ್ತೆ ಕೆಲಸದಲ್ಲಿ ಯಾವುದೋ ರಾಜ್ಯದ ಹುಡುಗರು ಇರುತ್ತಾರೆ. ಅವರ ಕೂಲಿಯನ್ನು ಮುಕಾದಮ ನುಂಗಿದರೆ, ಅವರ ಕೂಸಿಗೆ ಜ್ವರ ಬಂದರೆ, ಆಸ್ಪತ್ರೆಗೆ, ಪೊಲೀಸು ಠಾಣೆಗೆ ಅವರ ಜೊತೆ ನಡೆದು ಬರುವ ಖ್ವಾಜಾ ಮಹಮ್ಮದ್ ನಮ್ಮಲ್ಲಿ ಯಾರು? ಅವರ ತಾಯಿಯೂ ಎಲ್ಲೋ ಒಂದು ಬಸ್ಸಿನಲ್ಲಿ ಕುಳಿತು, ಪಕ್ಕದವರ ಹತ್ತಿರ ಇದೇ ಮಾತು ಆಡುತ್ತಿರಬಹುದು.

ನನ್ನ ಜೊತೆ ಬಂದ ತಾಯಿ ಬಸ್ಸಿನಿಂದ ಇಳಿಯುವಾಗ ಒಂದು ಮಾತು ಹೇಳಿದರು: "ಅಲ್ಲಿ ಅವನ ಕೋಲಿಯೊಳಗ ಒಬ್ಬ ಕೇರಳದ ಹುಡುಗ ಅದಾನ್ರಿ. ಇವಂಗ ಜಡ್ಡು ಬಂದಾಗ ಎರಡ ದಿನ ಗಂಜಿ ಮಾಡಿ ಹಾಕ್ಯಾನಂತ. ಅವಂಗ ದೇವರು ಛಲೋ ಮಾಡ್ಲಿ." ಆ ಹುಡುಗನ ಹೆಸರೂ ಆ ತಾಯಿಗೆ ಗೊತ್ತಿರಲಿಲ್ಲ.